‘ಕರ್ನಾಟಕ’ ಪದದಲ್ಲಿ ಎಷ್ಟು ಅಕ್ಷರಗಳಿವೆ? ಕಂಪ್ಯೂಟರ್ ಕೊಡುವ ಮೂರು ಉತ್ತರಗಳು

ಒಂದನೇ ತರಗತಿಯ ಮಗುವನ್ನು ಕೇಳಿದರೆ ಕ, ರ್ನಾ, ಟ, ಕ ಎಂದು ಬೆರಳು ಮಡಚಿ ನಾಲ್ಕು ಎನ್ನುತ್ತದೆ. ಇದೇ ಪ್ರಶ್ನೆಯನ್ನು ಪೈಥಾನ್ ಅಥವಾ ಜಾವಾ ಭಾಷೆಯಲ್ಲಿ ಕೇಳಿದರೆ 7 ಎಂಬ ಉತ್ತರ ಬರುತ್ತದೆ. ಗೋ ಅಥವಾ ರಸ್ಟ್ ಭಾಷೆಯಲ್ಲಿ ಕೇಳಿದರೆ 21! ಯಾವುದೂ ತಪ್ಪಲ್ಲ, ಒಂದೊಂದೂ ಬೇರೆ ಬೇರೆ ವಸ್ತುವನ್ನು ಎಣಿಸುತ್ತಿದೆ ಅಷ್ಟೆ. ಆದರೆ ಈ ವ್ಯತ್ಯಾಸ ತಿಳಿಯದೆ ಬರೆದ ತಂತ್ರಾಂಶಗಳಿಂದ ಕನ್ನಡದ ಹೆಸರುಗಳು ತುಂಡಾಗುತ್ತವೆ, ಹುಡುಕಾಟಗಳು ಸೋಲುತ್ತವೆ. ಹಾಗಾಗಿ ಇದರ ಒಳಗುಟ್ಟನ್ನು ಸ್ವಲ್ಪ ನೋಡೋಣ.

ಪ್ರೋಗ್ರಾಮಿಂಗ್‌ನಲ್ಲಿ ಪಠ್ಯವನ್ನು ‘ಸ್ಟ್ರಿಂಗ್’ ಎನ್ನುತ್ತಾರೆ. ಹೂಗಳನ್ನು ದಾರದಲ್ಲಿ ಪೋಣಿಸಿದಂತೆ ಚಿಹ್ನೆಗಳನ್ನು ಸಾಲಾಗಿ ಪೋಣಿಸಿದ ಮಾಲೆ ಅದು. ಹಳೆಯ ಸಿ ಭಾಷೆಯಲ್ಲಿ ಮಾಲೆ ಎಲ್ಲಿ ಮುಗಿಯುತ್ತದೆಂದು ತಿಳಿಸಲು ಕೊನೆಯಲ್ಲೊಂದು ಸೊನ್ನೆ ಇಡುತ್ತಿದ್ದರು, ಸಾಕಷ್ಟು ಜಾಗ ಇದೆಯೇ ಎಂದು ನೋಡಿಕೊಳ್ಳುವುದು ಬರೆಯುವವರ ತಲೆನೋವು. ಆಮೇಲಿನ ಭಾಷೆಗಳಲ್ಲಿ ಬಂದ ಸ್ಟ್ರಿಂಗ್ ಕ್ಲಾಸ್ ಈ ಹೊರೆಯನ್ನು ಇಳಿಸಿತು. ಪಠ್ಯವನ್ನೂ, ಅದರ ಉದ್ದ ಅಳೆಯುವ, ಕತ್ತರಿಸುವ, ಜೋಡಿಸುವ, ಹುಡುಕುವ ಕೆಲಸಗಳನ್ನೂ ಒಂದೇ ಕಡೆ ಕಟ್ಟಿಕೊಟ್ಟಿತು. ಇಷ್ಟೆಲ್ಲ ಸುಲಭವಾದಾಗ ಒಂದು ತಪ್ಪು ನಂಬಿಕೆಯೂ ಜೊತೆಗೇ ಬೆಳೆಯಿತು: ಒಂದು ಅಕ್ಷರ ಎಂದರೆ ಒಂದು ಜಾಗ.

ಇಂಗ್ಲಿಷಿನ ಮಟ್ಟಿಗೆ ಇದು ಬಹುಪಾಲು ನಿಜ. ಕನ್ನಡದಲ್ಲಿ ಹಾಗಲ್ಲ. ಯೂನಿಕೋಡ್ ನಮ್ಮ ಲಿಪಿಗೆ 128 ಸ್ಥಾನಗಳನ್ನು ಮೀಸಲಿಟ್ಟಿದೆ. ಅದರಲ್ಲಿ ‘ರ್ನಾ’ ಎಂಬ ಸಂಯುಕ್ತಾಕ್ಷರಕ್ಕೆ ಒಂದು ಸ್ಥಾನವಿಲ್ಲ. ರ, ವಿರಾಮ ಚಿಹ್ನೆ, ನ, ದೀರ್ಘದ ಗುರುತು ಎಂಬ ನಾಲ್ಕು ಸಂಕೇತಗಳು ಸಾಲಾಗಿ ಬಂದಾಗ ಅಕ್ಷರಶೈಲಿಯು ಅವನ್ನು ಒಂದಾಗಿ ಚಿತ್ರಿಸುತ್ತದೆ. ಹಾಗೆ ಎಣಿಸಿದರೆ ‘ಕರ್ನಾಟಕ’ದಲ್ಲಿ 7 ಸಂಕೇತಗಳು. ಇನ್ನು ಅಂತರಜಾಲದಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಅಲ್ಲಿಗೆ 21.

ಇದರಿಂದ ಏನಾಗುತ್ತದೆ? ಅರ್ಜಿಯೊಂದರಲ್ಲಿ ಹೆಸರಿಗೆ 30 ಬೈಟ್ ಜಾಗ ಇಟ್ಟಿದ್ದಾರೆ ಎಂದುಕೊಳ್ಳಿ. ವೆಂಕಟೇಶ್ವರಪ್ಪ ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಸುಮಾರು 16 ಬೈಟ್, ಆರಾಮಾಗಿ ಹಿಡಿಸುತ್ತದೆ. ಕನ್ನಡದಲ್ಲಿ 13 ಸಂಕೇತ, 39 ಬೈಟ್. ಮೊದಲ ಹತ್ತು ಸಂಕೇತ ಮಾತ್ರ ಉಳಿದು ಹೆಸರು ‘ವೆಂಕಟೇಶ್ವರ’ ಆಗಿಬಿಡುತ್ತದೆ. ಅದೂ ಸರಿಯಾದ ಹೆಸರೇ ಆದ್ದರಿಂದ ತಪ್ಪಾಗಿದೆ ಎಂಬ ಅನುಮಾನವೇ ಯಾರಿಗೂ ಬರುವುದಿಲ್ಲ! ಜಾಗ 32 ಬೈಟ್ ಇದ್ದಿದ್ದರೆ ಹನ್ನೊಂದನೇ ಸಂಕೇತ ಅರ್ಧಕ್ಕೆ ತುಂಡಾಗಿ ಕೊನೆಯಲ್ಲೊಂದು ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ ಕಾಣಿಸುತ್ತಿತ್ತು. ನಮ್ಮ ಪ್ರಕಾರ ಅದೇ ವಾಸಿ, ಕಣ್ಣಿಗಾದರೂ ಬೀಳುತ್ತದೆ.

ಪದವನ್ನು ತಿರುಗಿಸಿ ಬರೆಯುವುದು ಪ್ರೋಗ್ರಾಮಿಂಗ್ ಕಲಿಯುವವರ ಮೊದಲ ಅಭ್ಯಾಸಗಳಲ್ಲೊಂದು. ‘ಕರ್ನಾಟಕ’ವನ್ನು ತಿರುಗಿಸಿದರೆ ‘ಕಟರ್ನಾಕ’ ಬರಬೇಕಿತ್ತು, ಬರುವುದು ‘ಕಟಾನ್ರಕ’. ದೀರ್ಘ ಹೋಗಿ ‘ಟ’ದ ಹೆಗಲೇರಿದೆ, ಒತ್ತಕ್ಷರ ಅದಲುಬದಲಾಗಿದೆ.

ಹುಡುಕಾಟದ ತೊಂದರೆ ಇನ್ನೂ ಸೂಕ್ಷ್ಮ. ‘ಕೋ’ ಎಂಬುದರಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಣುಕುಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ. ಸ್ಟ್ರಿಂಗ್ ಹೋಲಿಕೆಗೆ ಮಾತ್ರ ಅವು ಬೇರೆ ಬೇರೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರುವ ‘ನಾರ್ಮಲೈಸೇಶನ್’ ಎಂಬ ಸೌಲಭ್ಯ ಹೆಚ್ಚಿನ ಭಾಷೆಗಳಲ್ಲಿದೆ, ಬಳಸುವವರು ಕಡಿಮೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವೇ’ ಒತ್ತಕ್ಷರವಾಗದಂತೆ ನಡುವೆ ಸೇರುವ, ಕಣ್ಣಿಗೆ ಕಾಣದ ಸಂಕೇತದ ಕಥೆಯೂ ಬೇರೆಯಲ್ಲ. ಖಾಲಿ ಜಾಗ ತೆಗೆಯುವ ಪೈಥಾನಿನ ಆಜ್ಞೆ ಇದನ್ನು ಮುಟ್ಟುವುದಿಲ್ಲ, ಮೇಲಿನ ನಾರ್ಮಲೈಸೇಶನ್ನೂ ತೆಗೆಯುವುದಿಲ್ಲ.

ಅಕಾರಾದಿಯೂ ಎಡವುತ್ತದೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಗೆ ಬಂದರೆ ಯೂನಿಕೋಡ್ ಸ್ಥಾನಗಳಲ್ಲಿ ಅದು ‘ಲ’ದ ಪಕ್ಕದಲ್ಲೇ, ‘ವ’ಕ್ಕಿಂತ ಮೊದಲೇ ಇದೆ. ಸಂಕೇತಗಳ ಕ್ರಮದಲ್ಲೇ ಜೋಡಿಸಿದರೆ ‘ಬಳೆ’ ಮೊದಲು, ‘ಬಸವ’ ನಂತರ. ನಿಘಂಟಿನಲ್ಲಿ ಇದು ತಿರುವುಮುರುವು. ಭಾಷೆಯ ನಿಯಮ ಗೊತ್ತಿರುವ ವಿಂಗಡಣೆಯ ಸಾಧನವನ್ನೇ ಬಳಸಬೇಕಾಗುತ್ತದೆ.

ಹಾಗಾದರೆ ಮಗು ಎಣಿಸಿದಂತೆ ನಾಲ್ಕು ಎನ್ನುವ ಕಂಪ್ಯೂಟರ್ ಇಲ್ಲವೇ? ಓದುಗರಿಗೆ ಒಂದಾಗಿ ಕಾಣುವುದನ್ನು ಒಂದೆಂದೇ ಎಣಿಸುವ ನಿಯಮಗಳು ಯೂನಿಕೋಡ್‌ನಲ್ಲಿವೆ, ಸ್ವಿಫ್ಟ್ ಭಾಷೆಯ ಸ್ಟ್ರಿಂಗ್ ಅವುಗಳನ್ನೇ ಅನುಸರಿಸುತ್ತದೆ. ಆದರೆ ಅವು ಬಹುಕಾಲ ವಿರಾಮ ಚಿಹ್ನೆಯ ನಂತರ ಪದವನ್ನು ಒಡೆಯುತ್ತಿದ್ದವು: ಕ, ರ್, ನಾ, ಟ, ಕ, ಒಟ್ಟು ಐದು. 2023ರ 15.1 ಆವೃತ್ತಿ ಸಂಯುಕ್ತಾಕ್ಷರಗಳನ್ನು ಒಡೆಯದಿರುವ ನಿಯಮ ತಂದಿತು. ಅದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅನ್ವಯವಾಯಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ.