ಹೇರು ಇಳಿಸಿದರೆ ಓಟ ಹೆಚ್ಚು

ಏರಿನಲ್ಲಿ ಗಾಡಿ ನಿಂತುಬಿಟ್ಟರೆ ರೈತನಿಗೆ ಇರುವುದು ಎರಡೇ ದಾರಿ. ಇನ್ನೊಂದು ಜೋಡಿ ಎತ್ತು ಹೂಡಬೇಕು, ಇಲ್ಲವೇ ಹೇರು ಇಳಿಸಬೇಕು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಗಾಡಿ ಹೂಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಓಟದ ಕಾರು ಸಿದ್ಧಪಡಿಸುವವರ ಮುಂದೆಯೂ ಇವೇ ಎರಡು ದಾರಿ. ಹಳೆಯ ಸ್ಪೋರ್ಟ್ಸ್ ಕಾರಿಗೆ ದೊಡ್ಡ ಎಂಜಿನ್ ಕೂರಿಸುವುದು ಎರಡನೆಯ ಜೋಡಿ ಎತ್ತು ಕೊಂಡಂತೆ, ದುಬಾರಿ. ಬೇಡದ ತೂಕ ಕಳೆಯುವುದು ಅಗ್ಗ. ಆದರೆ ಯಾವುದು ಬೇಡದ್ದು ಎಂದು ತಿಳಿದಿರಬೇಕು.

ಲಾಭವೆಷ್ಟು? ಪ್ರೌಢಶಾಲೆಯ ಪಠ್ಯದಲ್ಲೇ ಉತ್ತರವಿದೆ. ಬಲವೆಂದರೆ ದ್ರವ್ಯರಾಶಿ ಮತ್ತು ವೇಗೋತ್ಕರ್ಷಗಳ ಗುಣಲಬ್ಧ ಎಂದು ನ್ಯೂಟನ್ನನ ಎರಡನೆಯ ನಿಯಮ ಹೇಳುತ್ತದೆ. 1000 ಕಿಲೋ ತೂಗುವ ಕಾರಿನಿಂದ 100 ಕಿಲೋ ಇಳಿಸಿದರೆ ಅದೇ ಬಲಕ್ಕೆ ವೇಗೋತ್ಕರ್ಷ ಶೇ 11ರಷ್ಟು ಹೆಚ್ಚುತ್ತದೆ. ಅಷ್ಟೇ ಅಲ್ಲ, ಅದೇ ವೇಗದಿಂದ ನಿಲ್ಲುವಾಗ ಬ್ರೇಕುಗಳು ನುಂಗಬೇಕಾದ ಶಕ್ತಿ ಶೇ 10ರಷ್ಟು ಇಳಿಯುತ್ತದೆ. ಟೈರು, ಪೆಟ್ರೋಲು ಎರಡೂ ಉಳಿಯುತ್ತವೆ. ದೊಡ್ಡ ಎಂಜಿನ್‌ನಿಂದ ಓಟ ಮಾತ್ರ ಹೆಚ್ಚುತ್ತದೆ. ನಿಲ್ಲಿಸುವ ಕೆಲಸಕ್ಕೆ ಅದು ನೆರವಾಗುವುದಿಲ್ಲ.

ಹಗುರವಾದರೆ ಕಾರು ರಸ್ತೆಯ ಹಿಡಿತ ಕಳೆದುಕೊಳ್ಳುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ತೂಕ ಇಳಿದಾಗ ಘರ್ಷಣೆ ಇಳಿಯುವುದು ನಿಜ. ಆದರೆ ತಿರುವಿನಲ್ಲಿ ಕಾರನ್ನು ಹಿಡಿದಿಡಲು ಬೇಕಾದ ಬಲವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಹೀಗಾಗಿ ಇದರಿಂದ ನಷ್ಟವೇನೂ ಇಲ್ಲ.

ಹಗುರತನದ ಮಹಿಮೆಗೆ ಉದಾಹರಣೆ ಹುಡುಕಿಕೊಂಡು ಪರದೇಶಕ್ಕೆ ಹೋಗಬೇಕಿಲ್ಲ. 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದಕ್ಕೆ ಮಾದರಿ. ಎಂಜಿನ್ ಕೇವಲ 848 ಸಿಸಿ. ಆಗಿನ ಫಿಯಟ್‌ನದು 1089 ಸಿಸಿ. ಆದರೆ ಡಾಲ್ಫಿನ್‌ನ ಮೈ ಉಕ್ಕಿನದಲ್ಲ, ಫೈಬರ್‌ಗ್ಲಾಸ್‌ನದು. ಅದು ಹುಟ್ಟಿನಿಂದ ಸ್ಪೋರ್ಟ್ಸ್ ಕಾರೇನೂ ಆಗಿರಲಿಲ್ಲ. ಆದರೂ ಚೆನ್ನೈ ಬಳಿಯ ಷೋಲಾವರಂ ಓಟಗಳಲ್ಲಿ, ರ‍್ಯಾಲಿಗಳಲ್ಲಿ ಅದು ಹೆಸರು ಮಾಡಿತು. 1983ರ ಕೊನೆಯಲ್ಲಿ ಮಾರುತಿ ಬಂದ ಮೇಲೆ ಮಾರುಕಟ್ಟೆಯಲ್ಲಿ ಹಿಂದೆ ಬಿತ್ತು, ಆ ಮಾತು ಬೇರೆ.

ಹಳೆಯ ಕಾರಿನಲ್ಲಿ ತೂಕ ಎಲ್ಲೆಲ್ಲಿ ಅಡಗಿರುತ್ತದೆ? ಡಿಕ್ಕಿಯಲ್ಲಿ ವರ್ಷಗಟ್ಟಲೆ ಕುಳಿತ ಸಾಮಾನು, ಹಿಂದಿನ ಸೀಟು, ನೆಲಕ್ಕೆ ಹಾಸಿದ ದಪ್ಪ ಜಮಖಾನ, ಸದ್ದು ತಡೆಯಲು ಅಂಟಿಸಿದ ಡಾಂಬರಿನ ಹಾಳೆ, ಇವೆಲ್ಲ ಮೊದಲು ಹೊರಬರುತ್ತವೆ. ಪೆಟ್ರೋಲೂ ತೂಕವೇ. 40 ಲೀಟರ್ ಪೆಟ್ರೋಲು ಸುಮಾರು 30 ಕಿಲೋ ತೂಗುತ್ತದೆ. ಓಟದ ದಿನ ಬೇಕಾದಷ್ಟನ್ನೇ ತುಂಬಿಸುವುದು ಅದಕ್ಕಾಗಿ.

ಮುಂದಿನ ಹೆಜ್ಜೆ ಲೋಹ ಬದಲಿಸುವುದು. ಉಕ್ಕಿನ ಬಾನೆಟ್ ತೆಗೆದು ಅಲ್ಯೂಮಿನಿಯಮ್ಮಿನದು ಹಾಕಬಹುದು. ಒಂದೇ ಗಾತ್ರದ ಅಲ್ಯೂಮಿನಿಯಂ ಉಕ್ಕಿನ ಸುಮಾರು ಮೂರನೇ ಒಂದರಷ್ಟೇ ತೂಗುತ್ತದೆ. ಆದರೆ ಅದರ ಬಿಗಿತವೂ ಮೂರನೇ ಒಂದರಷ್ಟೇ. ಬಾನೆಟ್ ಕೊಂಚ ಬಳುಕಿದರೆ ಕಾರು ಓಡೀತು. ಚಾಸಿ ಬಳುಕಿದರೆ?

ಗಾಲಿಯ ತೂಕದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಕಾರಿನ ಮೈಮೇಲಿನ ಒಂದು ಕಿಲೋ ಮುಂದಕ್ಕೆ ಮಾತ್ರ ಚಲಿಸುತ್ತದೆ. ಗಾಲಿಯ ಅಂಚಿನ ಒಂದು ಕಿಲೋ ಮುಂದಕ್ಕೂ ಚಲಿಸಬೇಕು, ಸುತ್ತಲೂ ತಿರುಗಬೇಕು. ಅದನ್ನು ಓಡಿಸಲು ಹೆಚ್ಚುಕಡಿಮೆ ಎರಡು ಕಿಲೋಗೆ ತಗಲುವಷ್ಟು ಶಕ್ತಿ ಬೇಕು. ಓಟದ ಕಾರುಗಳಿಗೆ ಹಗುರ ಲೋಹದ ಗಾಲಿ ಹಾಕುವುದರ ಗುಟ್ಟು ಇದು.

ತೂಕ ಇಳಿಸುವುದನ್ನೇ ವ್ರತವಾಗಿಸಿಕೊಂಡವನು ಬ್ರಿಟನ್ನಿನ ಕಾಲಿನ್ ಚಾಪ್‌ಮನ್. 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ ಕಟ್ಟುತ್ತ ಶುರುಮಾಡಿದ ಅವನ ಲೋಟಸ್ ಸಂಸ್ಥೆ ಜಗತ್ತಿನ ಓಟಗಳನ್ನೇ ಗೆದ್ದಿತು. ಲೋಟಸ್ 72 ಕಾರಿನಲ್ಲಿ ಗಾಲಿಯ ಬಳಿಯ ಭಾರ ತಗ್ಗಿಸಲೆಂದು ಬ್ರೇಕುಗಳನ್ನು ಕಾರಿನ ಒಳಭಾಗಕ್ಕೆ ಸರಿಸಲಾಯಿತು. ಬ್ರೇಕಿನಿಂದ ಗಾಲಿಗೆ ಒಂದು ದಂಡ. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊಂಜಾದಲ್ಲಿ ಅಭ್ಯಾಸದ ವೇಳೆ ಬ್ರೇಕ್ ಹಾಕಿದಾಗ ಜೋಕೆನ್ ರಿಂಟ್‌ನ ಕಾರು ದಾರಿ ತಪ್ಪಿ ತಡೆಗೋಡೆಗೆ ಬಡಿಯಿತು. ಮುಂದಿನ ಬಲಗಾಲಿಯ ಆ ದಂಡ ಮುರಿದದ್ದೇ ಅಪಘಾತಕ್ಕೆ ಮೂಲ ಎಂದು ತನಿಖೆ ಕಂಡುಕೊಂಡಿತು. ರಿಂಟ್ ಬದುಕಲಿಲ್ಲ. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಅವನ ಮರಣಾನಂತರ ಅವನಿಗೇ ಸಂದಿತು.

ಭಾರ ಹೊರುವ ಭಾಗದ ಬೆಲೆಯೇನೆಂದು ಕೊಟ್ಟೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2017ರ ಫೆಬ್ರುವರಿಯಲ್ಲಿ ಜನಸಾಗರದ ನಡುವೆ ಕೊಟ್ಟೂರೇಶ್ವರನ ತೇರು ಅಚ್ಚು ಮುರಿದು ಉರುಳಿತು, ಹಲವರು ಗಾಯಗೊಂಡರು. ಅಷ್ಟೆತ್ತರದ ತೇರು ನಿಂತಿದ್ದುದು ಯಾರ ಕಣ್ಣಿಗೂ ಬೀಳದ ಅಚ್ಚಿನ ಮೇಲೆ. ಕಾರಾಗಲಿ, ತೇರಾಗಲಿ, ಅಚ್ಚಿನಲ್ಲಿ ಜಿಪುಣತನ ಸಲ್ಲದು.

ಆದ್ದರಿಂದ ಬಲ್ಲವರು ಸ್ಪ್ಯಾನರ್ ಹಿಡಿಯುವ ಮೊದಲು ನೋಟ್‌ಬುಕ್ ಹಿಡಿಯುತ್ತಾರೆ. ಒಂದು ಪಟ್ಟಿಯಲ್ಲಿ ಭಾರ ಹೊರುವ ಭಾಗಗಳು: ಚಾಸಿ, ಅಚ್ಚು, ಸ್ಟೇರಿಂಗ್, ಬ್ರೇಕು, ಸೀಟ್‌ಬೆಲ್ಟು. ಇನ್ನೊಂದರಲ್ಲಿ ಬರೀ ಭಾರವಾಗಿ ಕುಳಿತವು. ಕೈ ಹಾಕುವುದು ಎರಡನೆಯ ಪಟ್ಟಿಗೆ ಮಾತ್ರ. ಕಿತ್ತ ಪ್ರತಿಯೊಂದನ್ನೂ ತಕ್ಕಡಿಯಲ್ಲಿಟ್ಟು ತೂಕ ಬರೆದಿಡುತ್ತಾರೆ.

ಊರಿನ ಹುಡುಗರು ಮೋಟರ್‌ಬೈಕಿನ ಕನ್ನಡಿ, ಮಡ್‌ಗಾರ್ಡ್, ಸೈಲೆನ್ಸರ್ ಕಿತ್ತು ಬೈಕು ಹಗುರವಾಯಿತೆಂದು ಬೀಗುವುದುಂಟು. ಅವರು ಇಳಿಸುವುದು ಮೂರ್ನಾಲ್ಕು ಕಿಲೋ. ಕಳೆದುಕೊಳ್ಳುವುದು ಹಿಂದಿನಿಂದ ಬರುವ ಲಾರಿಯನ್ನು ಕಾಣುವ ಕಣ್ಣು. ರಸ್ತೆಗಿಳಿಯುವ ವಾಹನದ ರಚನೆಯನ್ನು ಮನಬಂದಂತೆ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಡೆಯುತ್ತದೆ. ಮಗ ಬೈಕು ಬಿಚ್ಚುತ್ತಿದ್ದರೆ ತಂದೆತಾಯಿ ಗದರುವ ಮೊದಲು ಒಂದು ಮಾತು ಕೇಳಲಿ: ಇದು ಯಾವ ಪಟ್ಟಿಯದು?

ಕಾರಿಲ್ಲದಿದ್ದರೂ ಈ ಪಾಠವನ್ನು ಪರೀಕ್ಷಿಸಬಹುದು. ಶಾಲೆಯ ಮೈದಾನದಲ್ಲಿ 50 ಮೀಟರ್ ಅಳೆದುಕೊಳ್ಳಿ. ಸೈಕಲ್ಲಿನ ಕ್ಯಾರಿಯರ್‌ಗೆ 10 ಕಿಲೋ ಜೋಳದ ಚೀಲ ಭದ್ರವಾಗಿ ಕಟ್ಟಿ, ನಿಂತಲ್ಲಿಂದ ಹೊರಟು ಅಷ್ಟು ದೂರ ಸಾಗಲು ಹಿಡಿದ ಸಮಯವನ್ನು ಬರೆದುಕೊಳ್ಳಿ. ಚೀಲ ಇಳಿಸಿ ಮತ್ತೊಮ್ಮೆ ಓಡಿಸಿ. ಎರಡು ಸಲವೂ ಹೊರಡುವ ಮುನ್ನ ಬ್ರೇಕು ಹಿಡಿದು ನೋಡುವುದನ್ನು ಮಾತ್ರ ಮರೆಯಬೇಡಿ.