ಸೋಸುವ ಬಟ್ಟೆಗೆ ಸಿಗದ ಗಂಧಕ

ನೀರನ್ನು ಸೋಸಿ ಬಳಸಬೇಕೆಂಬುದು ಶ್ರಾವಕನ ಮನೆಯ ಮೊದಲ ಪಾಠ. ಬಟ್ಟೆಯಲ್ಲುಳಿದ ಜೀವಿಗಳನ್ನು ಬಂದ ನೀರಿಗೇ ಮರಳಿ ಬಿಡುವಷ್ಟು ಸೂಕ್ಷ್ಮವಾದ ಕರುಣೆ ಈ ಆಚಾರದಲ್ಲಿದೆ. ಆದರೆ ಕಲ್ಲಿದ್ದಲಿನ ಹೊಗೆಯಿಂದ ಕೆರೆಗಿಳಿದ ಗಂಧಕವನ್ನು ಯಾವ ಬಟ್ಟೆಯೂ ಹಿಡಿಯಲಾರದು. ಆ ಹೊಗೆಯ ಲಾಭದಲ್ಲಿ ಪಾಲುಳ್ಳ ಮನೆಯಲ್ಲಿ ಬಟ್ಟೆ ಮಾತ್ರ ಶುಭ್ರವಾಗಿದ್ದರೆ ವ್ರತ ಪೂರ್ಣವಾಯಿತೇ?

ಒಂದು ಕಾಲಕ್ಕೆ ಕೊಪಣವೆಂಬ ಮಹಾತೀರ್ಥವಾಗಿದ್ದ ಕೊಪ್ಪಳದ ಸಮೀಪ, ಗಿಣಿಗೇರಿ ಸೀಮೆಯಲ್ಲಿ, ಇಂದು ಉಕ್ಕು ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳಿವೆ. ಅದೇ ತಾಲ್ಲೂಕಿನ ಕಿನ್ನಾಳದ ಬಳಿ ಹಿರೇಹಳ್ಳ ಜಲಾಶಯವಿದೆ. ಕಲ್ಲಿದ್ದಲು ಉರಿದಾಗ ಅದರೊಳಗಿನ ಗಂಧಕವು ಗಂಧಕದ ಡೈಆಕ್ಸೈಡ್ ಆಗಿ ಮೇಲೇರುತ್ತದೆ. ಗಾಳಿಯಲ್ಲಿ ಸಲ್ಫ್ಯೂರಿಕ್ ಆಮ್ಲವೂ ಸಲ್ಫೇಟೂ ಆಗಿ ಮಾರ್ಪಟ್ಟು, ಮಳೆಯೊಡನೆ, ಧೂಳಿನೊಡನೆ ನೆಲಕ್ಕೂ ನೀರಿಗೂ ಇಳಿಯುತ್ತದೆ.

ನಾರ್ವೆ, ಸ್ವೀಡನ್‌ಗಳ ಸರೋವರಗಳಲ್ಲಿ ಮೀನುಗಳು ಸತ್ತಂತೆ ಇಲ್ಲಿ ಸಾಯವು, ಎರೆಭೂಮಿಯ ಸುಣ್ಣವು ಆಮ್ಲವನ್ನು ನುಂಗಿಬಿಡುತ್ತದೆ ಎಂಬ ವಾದವುಂಟು. ಮಾತು ನಿಜ, ಅದರಿಂದ ತೆಗೆಯುವ ತೀರ್ಮಾನ ಸುಳ್ಳು. ಸುಣ್ಣವು ಆಮ್ಲವನ್ನು ಶಮನಗೊಳಿಸುತ್ತದೆಯೇ ಹೊರತು ಸಲ್ಫೇಟನ್ನು ಅಳಿಸುವುದಿಲ್ಲ. ನೀರಿನ ಗಡಸುತನ ಹೆಚ್ಚುತ್ತದೆ. ಪ್ರಾಣವಾಯುವಿಲ್ಲದ ಕೆರೆಯ ತಳದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಸಲ್ಫೇಟನ್ನು ಸಲ್ಫೈಡಾಗಿಸುತ್ತವೆ. ಅದು ಕಬ್ಬಿಣದೊಡನೆ ಕೂಡಿಕೊಂಡಾಗ, ಕಬ್ಬಿಣವು ಹಿಡಿದಿಟ್ಟಿದ್ದ ರಂಜಕವು ನೀರಿಗೆ ಬಿಡುಗಡೆಯಾಗಿ ಪಾಚಿಯನ್ನು ಬೆಳೆಸುತ್ತದೆ. ಕಲ್ಲಿದ್ದಲಿನ ಹೊಗೆಯಲ್ಲೇ ಬರುವ ಪಾದರಸವನ್ನು ಇದೇ ಬಗೆಯ ಬ್ಯಾಕ್ಟೀರಿಯಾಗಳು ಮೀನಿನ ದೇಹದಲ್ಲಿ ಶೇಖರವಾಗುವ ವಿಷವಾಗಿ ಮಾರ್ಪಡಿಸಬಲ್ಲವು.

ಗಾಳಿಯಲ್ಲಿ ಗಂಧಕ ಮಿತಿಯೊಳಗಿದೆ ಎಂಬುದು ಇನ್ನೊಂದು ಸಮಾಧಾನ. ವ್ಯಾಪಾರಿಗೆ ಇದರ ಉತ್ತರ ತಿಳಿದಿರಬೇಕು: ಗಾಳಿ ದಿನದ ಕಿರ್ದಿ, ಕೆರೆ ವರ್ಷಗಳ ಖಾತೆ. ದಿನದ ಬಾಬು ಸಣ್ಣದೆಂದು ಖಾತೆಯ ಬಾಕಿ ಇಲ್ಲವಾಗದು. ಯುರೋಪಿನ ರಾಷ್ಟ್ರಗಳು 1979ರಲ್ಲಿ ಜಿನೀವಾದಲ್ಲಿ ಒಪ್ಪಂದ ಮಾಡಿಕೊಂಡು, 1985ರಲ್ಲಿ ಹೆಲ್ಸಿಂಕಿಯಲ್ಲಿ ಗಂಧಕವನ್ನು ಶೇಕಡಾ 30ರಷ್ಟು ಇಳಿಸುವ ಪಣ ತೊಟ್ಟವು. ಭಾರತದಲ್ಲಿಯಾದರೋ 2015ರಲ್ಲಿ ಉಷ್ಣ ವಿದ್ಯುತ್ ಸ್ಥಾವರಗಳಿಗೆ ವಿಧಿಸಿದ ಗಂಧಕದ ಮಿತಿಯನ್ನು 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ಸಡಿಲಿಸಲಾಯಿತು. ಕಾನೂನು ಸಡಿಲವಾದರೆ ಅಣುವ್ರತವೂ ಸಡಿಲವಾಗುವುದೇ?

ಪಂಡಿತ ಆಶಾಧರರ ಸಾಗಾರಧರ್ಮಾಮೃತವು ಎಣಿಸುವ 15 ಖರಕರ್ಮಗಳಲ್ಲಿ ಕೆರೆಯನ್ನು ಬತ್ತಿಸುವ ಸರಃಶೋಷವೂ ಒಂದು. ಕೆರೆಯನ್ನು ಕೆಡಿಸುವುದು ಅದಕ್ಕಿಂತ ಲಘುವೆಂದು ಹೇಳುವ ಧೈರ್ಯ ಯಾರಿಗಿದೆ? 2025ರ ಫೆಬ್ರುವರಿಯಲ್ಲಿ ಕೊಪ್ಪಳದ ಜನರು ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಬೀದಿಗಿಳಿದರು. ಬಸದಿಯ ಟ್ರಸ್ಟುಗಳು ಬೀದಿಗಿಳಿಯದಿದ್ದರೂ ಚಿಂತೆಯಿಲ್ಲ. ಮಳೆಗಾಲದ ಮುಂಚೆ ಹಾಗೂ ನಂತರ ತಮ್ಮ ಊರ ಕೆರೆಯ ಸಲ್ಫೇಟು, ಕ್ಷಾರತೆಗಳನ್ನು ಪರೀಕ್ಷೆ ಮಾಡಿಸಿ ಫಲಕದ ಮೇಲೆ ಬರೆಯಿಸಲಿ. ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವ ಮುನ್ನ, ಅವನ ಚಿಮಣಿಗೆ ಗಂಧಕ ತಡೆಯುವ ಯಂತ್ರವುಂಟೇ ಎಂದು ಕೇಳಲಿ. ಈ ಪ್ರಶ್ನೆಗೆ ಅಂಜುವ ಟ್ರಸ್ಟು ನೀರು ಸೋಸುವ ಉಪದೇಶವನ್ನು ಇತರರಿಗೆ ಮಾಡದಿರುವುದೇ ಲೇಸು.