ನೀರುಳಿಸುವುದೂ ದಾಸೋಹವೇ

ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳು ಕೆರೆ ಕಟ್ಟಿಸುವುದನ್ನು ಕಾಯಕವೆಂದು ನಡೆಸಿದವರು. ಅವರ ಜಯಂತಿ ಆಚರಿಸುವ ನಮ್ಮ ಮನೆಗಳಲ್ಲೇ ನಲ್ಲಿ ತೊಟ್ಟಿಕ್ಕುತ್ತಿರುತ್ತದೆ. ಸೆಕೆಂಡಿಗೊಂದು ಹನಿಯಾದರೂ ದಿನಕ್ಕೆ 15 ಲೀಟರಿನಷ್ಟು ನೀರು ಚರಂಡಿ ಸೇರುತ್ತದೆ. ವಾಷರ್ ಬದಲಿಸಿದರೆ ಸಾಕು, ನಿಲ್ಲುತ್ತದೆ.

ಬೆಂಗಳೂರಿನಲ್ಲಿ ಬಳಕೆಯ ಸ್ಲ್ಯಾಬ್ ಏರಿದಂತೆ ನೀರಿನ ದರವೂ ಏರುತ್ತದೆ. ಉಳಿಸಿದವರಿಗೆ ಬಿಲ್ಲಿನಲ್ಲೇ ಲಾಭ. ಆದರೆ ಮಾತು ಲಾಭದ್ದಷ್ಟೇ ಅಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ ಎತ್ತಿ ತರುವ ಕಾವೇರಿ ಎಲ್ಲರ ಸೊತ್ತು.

ಇಷ್ಟಲಿಂಗ ಪೂಜೆಗೆ ಒಂದು ಬಟ್ಟಲು ನೀರು ಸಾಕು. ಮಡಿಯ ಹೆಸರಿನಲ್ಲಿ ದಿನವೂ ಕೊಡಗಟ್ಟಲೆ ಸುರಿಯುವುದು ಶರಣರು ತಿರಸ್ಕರಿಸಿದ ಆಚಾರ. ಶವರ್ ಬಿಟ್ಟು ಬಕೆಟ್ ಹಿಡಿಯೋಣ. ತರಕಾರಿ ತೊಳೆದ ನೀರನ್ನು ಗಿಡಕ್ಕೆ ಎರೆಯೋಣ. ನಾವು ಉಳಿಸಿದ ಕೊಡ ನೀರು ಕೊಳವೆಯ ಕೊನೆಯಲ್ಲಿರುವ ಮನೆಗೆ ಸಲ್ಲಲಿ. ಅದೂ ದಾಸೋಹವೇ.